ಟಿಬಿ ರೋಗಾಣು ತನ್ನ ಪ್ರೋಟೀನನ್ನೇ ಯಾಕೆ ಒಡೆದು ಹಾಕುತ್ತದೆ?

ಬರೀ ಕಸ ತೆಗೆಯೋಕೆ ಅಲ್ಲ. ಯಾವ ಕಿಣ್ವ ಎಷ್ಟಿರಬೇಕು ಅನ್ನೋದನ್ನೂ ಇದೇ ತೀರ್ಮಾನಿಸುತ್ತದೆ. ಬೇಡವಾದ ಪ್ರೋಟೀನಿಗೆ ‘ಪಪ್’ ಎಂಬ ಪುಟ್ಟ ಪ್ರೋಟೀನು ಚೀಟಿಯ ಹಾಗೆ ಅಂಟಿಕೊಳ್ಳುತ್ತದೆ. ಚೀಟಿ ಇದ್ದದ್ದನ್ನು ‘ಎಂಪಿಎ’ ಎಂಬ ಇನ್ನೊಂದು ಪ್ರೋಟೀನು ಹಿಡಿದು, ಸುರುಳಿ ಬಿಚ್ಚಿ, ಪ್ರೋಟೀನು ಕತ್ತರಿಸುವ ಪೀಪಾಯಿಯಂಥ ಪ್ರೋಟಿಯಾಸೋಮಿನೊಳಗೆ ತಳ್ಳುತ್ತದೆ. ಅಲ್ಲಿ ಅದು ಚೂರುಚೂರು.

ನನಗೆ ತುಂಬಾ ಇಷ್ಟವಾದದ್ದು ‘ಲಾಗ್’ ಕಿಣ್ವದ ಕತೆ. ಅದು ಸೈಟೊಕೈನಿನ್ ಎಂಬ, ಗಿಡಗಳಲ್ಲಿ ಕಾಣುವ ಹಾರ್ಮೋನನ್ನು ತಯಾರಿಸುತ್ತದೆ. ನಮ್ಮ ವಿಜಯಪುರದ ತಿಕೋಟಾ ಕಡೆ ದ್ರಾಕ್ಷಿಗೆ ಹೊಡೆಯುವ 6-ಬಿಎ ಇದೆಯಲ್ವಾ, ಅದೇ ಜಾತಿಯ ಹಾರ್ಮೋನು! ಪ್ರೋಟಿಯಾಸೋಮ್ ಕೆಟ್ಟರೆ ಲಾಗ್ ಒಡೆಯದೆ ಉಳಿಯುತ್ತದೆ, ಸೈಟೊಕೈನಿನ್ ಜಾಸ್ತಿಯಾಗುತ್ತದೆ, ಅದು ಒಡೆದು ಆಲ್ಡಿಹೈಡ್ ಎಂಬ ರಾಸಾಯನಿಕ ರೋಗಾಣುವಿನೊಳಗೆ ತುಂಬಿಕೊಳ್ಳುತ್ತದೆ. ಆಗ ನಮ್ಮ ರಕ್ಷಣಾ ಕೋಶಗಳು ರೋಗಾಣು ಕೊಲ್ಲಲು ಬಿಡುವ ನೈಟ್ರಿಕ್ ಆಕ್ಸೈಡ್ ಅನಿಲವನ್ನು ರೋಗಾಣು ತಾಳಲಾರದು. ಇದು ಗೊತ್ತಾದದ್ದು 2015ರಲ್ಲಿ.