ದಂಡ ಹಾಕುವವರ ಜೇಬಿನಲ್ಲೇ ಸಿಗರೇಟು

ಪ್ರಶ್ನೆ: ನಾನು ಜಿಲ್ಲಾ ಕೇಂದ್ರವೊಂದರ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್. ಸೇವೆಗೆ ಸೇರುವಾಗ ಬೀಡಿ, ಸಿಗರೇಟು ಮುಟ್ಟಿದವನಲ್ಲ; ಹದಿನೇಳು ವರ್ಷಗಳ ಬಂದೋಬಸ್ತು, ರಾತ್ರಿ ಗಸ್ತುಗಳ ನಡುವೆ ಈಗ ದಿನಕ್ಕೆ ಹನ್ನೆರಡಕ್ಕೆ ಬಂದು ನಿಂತಿದ್ದೇನೆ. ಬಸ್ ನಿಲ್ದಾಣದಲ್ಲಿ ಸೇದುವವರಿಗೆ ದಂಡ ಹಾಕಿ ಬಂದು, ಠಾಣೆಯ ಹಿಂದೆ ಜಪ್ತಿ ವಾಹನಗಳ ಸಂದಿಯಲ್ಲಿ ನಾನೇ ಸೇದುತ್ತೇನೆ. ಮೊನ್ನೆ ದಂಡ ಕಟ್ಟಿದ ಹುಡುಗನೊಬ್ಬ ನನ್ನ ಜೇಬಿನತ್ತ ನೋಡಿ ನಕ್ಕ. ಆ ಕಾನೂನು ಠಾಣೆಗೂ ಅನ್ವಯಿಸುತ್ತದೆಯೇ? ಇಷ್ಟು ಒತ್ತಡದ ಕೆಲಸದಲ್ಲಿ ಇದನ್ನು ಬಿಡಲು ಸಾಧ್ಯವೇ?
– ಹೆಸರು ಬೇಡ

ಉತ್ತರ: ಕಾನೂನಿನ ಮಾತನ್ನು ಮೊದಲು ಮುಗಿಸೋಣ. ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕುರಿತ 2003ರ ಕೋಟ್ಪಾ ಕಾಯ್ದೆಯ 4ನೇ ಕಲಂ ಸಾರ್ವಜನಿಕ ಕಚೇರಿಗಳಲ್ಲಿ ಧೂಮಪಾನವನ್ನು ನಿಷೇಧಿಸಿದೆ; 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿರುವ ನಿಯಮಗಳು ಕೆಲಸದ ಸ್ಥಳಗಳನ್ನೂ ಸೇರಿಸಿಕೊಂಡಿವೆ. ಠಾಣೆ ಇವೆರಡೂ ಹೌದು. ಅಲ್ಲಿ ಆಶ್‌ಟ್ರೇ ಕೂಡ ಇಡುವಂತಿಲ್ಲ. 200 ರೂಪಾಯಿಯಿದ್ದ ದಂಡದ ಮಿತಿ ಕರ್ನಾಟಕದ ತಿದ್ದುಪಡಿಯಿಂದಾಗಿ 2025ರಲ್ಲಿ 1000 ರೂಪಾಯಿಗೆ ಏರಿದೆ. ಹಿಂಬದಿಯ ಬಯಲು ಇದರೊಳಗೆ ಬರುತ್ತದೆಯೇ ಎಂದು ವಕೀಲರು ವಾದಿಸಬಹುದು. ಹುಡುಗನ ನಗುವಿಗೆ ಆ ವಾದ ಬೇಕಾಗಿಲ್ಲ.

ಇನ್ನು ಒತ್ತಡ. ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ನಿಕೋಟಿನ್ ಮಿದುಳನ್ನು ಮುಟ್ಟುತ್ತದೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಆ ಹೊತ್ತಿಗೆ ತಲೆಯೆತ್ತುವ ಚಡಪಡಿಕೆ, ಸಿಡುಕುಗಳನ್ನು ನೀವು ಕೆಲಸದ ಒತ್ತಡವೆಂದೇ ತಿಳಿದಿರುತ್ತೀರಿ. ಹಿಂದಿನ ಸಿಗರೇಟು ಹುಟ್ಟಿಸಿದ್ದನ್ನೇ ಮುಂದಿನದು ತಣಿಸುತ್ತಿರುತ್ತದೆ, ಅಷ್ಟೆ.

ಆದರೆ ನಿಮ್ಮ ಇಲಾಖೆಯಲ್ಲಿ ಈ ಚಟಕ್ಕೆ ಇನ್ನೊಂದು ಬೇರಿದೆಯೆಂದು ನನಗನಿಸುತ್ತದೆ. ಠಾಣೆಯಲ್ಲಿ ಐದು ನಿಮಿಷ ಸುಮ್ಮನೆ ಕುಳಿತವನನ್ನು "ಏನ್ರೀ, ಕೆಲಸ ಇಲ್ವಾ?" ಎಂದು ಕೇಳುವವರಿದ್ದಾರೆ, "ಒಂದು ದಮ್ ಎಳೆದು ಬರ್ತೀನಿ" ಎಂದು ಎದ್ದವನನ್ನು ಯಾರೂ ತಡೆಯುವುದಿಲ್ಲ. ಸಾಹೇಬರ ಜೀಪು ಬಂದೀತೆಂದು ಕೆಂಡವನ್ನು ಅಂಗೈಯೊಳಗೆ ಮುಚ್ಚಿ ಸೇದುವ ರಾತ್ರಿ ಗಸ್ತಿನವರು ಬಯಸುವುದು ಹೊಗೆಯನ್ನಷ್ಟೇ ಅಲ್ಲ, ಯಾರೂ ಪ್ರಶ್ನಿಸದ ಆ ಐದು ನಿಮಿಷವನ್ನೂ. ಆದ್ದರಿಂದ ಸಿಗರೇಟನ್ನು ಬಿಡಿ, ಬಿಡುವನ್ನು ಬಿಡಬೇಡಿ.

ಒಂದು ವಾರ ಪ್ರತಿ ಸಿಗರೇಟಿನ ಹೊತ್ತನ್ನೂ ಅದಕ್ಕೆ ಮೊದಲು ಏನು ನಡೆಯಿತೆಂಬುದನ್ನೂ ಡೈರಿಯಲ್ಲಿ ಬರೆಯಿರಿ. ಮಹಜರು ಬರೆಯುವವರಿಗೆ ಇದು ಕಷ್ಟವಲ್ಲ. ಎದ್ದ ಅರ್ಧ ಗಂಟೆಯೊಳಗೆ ಸೇದುವುದು ದೇಹದ ಬೇಡಿಕೆ. ಶವಪರೀಕ್ಷೆಯ ಪಂಚನಾಮೆ ಮುಗಿಸಿ ಬಂದು ಸೇದುವುದು ಮನಸ್ಸಿನದು. ಮೊದಲನೆಯದಕ್ಕೆ ನಿಕೋಟಿನ್ ಗಮ್ ನೆರವಾಗುತ್ತದೆ. ಅದರ ಪ್ರಮಾಣವನ್ನು ವೈದ್ಯರು ಹೇಳಲಿ, ರಕ್ತದೊತ್ತಡ, ಹೃದ್ರೋಗಗಳಿದ್ದರೆ ಅವರಿಗೆ ತಪ್ಪದೆ ತಿಳಿಸಿ. ಅದನ್ನು ಚ್ಯೂಯಿಂಗ್ ಗಮ್‌ನಂತೆ ಸತತವಾಗಿ ಅಗಿಯಬಾರದು. ನಾಲ್ಕಾರು ಬಾರಿ ಅಗಿದು ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಟ್ಟುಕೊಳ್ಳಬೇಕು. ಅದಕ್ಕೆ ಕಾಲು ಗಂಟೆ ಮೊದಲೂ, ಅದು ಬಾಯಲ್ಲಿರುವಾಗಲೂ ಚಹಾ, ಕಾಫಿ ಬೇಡ. ಸಿಗರೇಟು ಬಿಟ್ಟು ಗುಟ್ಕಾ ಹಿಡಿಯುವುದು ಬಿಟ್ಟ ಲೆಕ್ಕವಲ್ಲ. ತಂಬಾಕು ತ್ಯಜಿಸುವವರಿಗಾಗಿ ಇರುವ ಉಚಿತ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 1800-11-2356 ನಿಮ್ಮ ಪ್ಯಾಕಿನ ಮೇಲೆಯೇ ಮುದ್ರಿತವಾಗಿದೆ.

ಮೊದಲ ಮೂರು ದಿನಗಳು ಬಲು ಕಠಿಣ. ಗಣೇಶ ವಿಸರ್ಜನೆಯ ಬಂದೋಬಸ್ತಿನ ವಾರದಲ್ಲಿ ಆರಂಭಿಸಬೇಡಿ. ವಾರದ ರಜೆಯ ಹಿಂದಿನ ರಾತ್ರಿ ಪ್ಯಾಕನ್ನು ಮನೆಯವರ ಕೈಗೆ ಕೊಟ್ಟುಬಿಡಿ, ಠಾಣೆಯ ಗೆಳೆಯರಿಗೂ ಹೇಳಿಡಿ.