ಬಾಯಿ ಕ್ಯಾನ್ಸರ್‌ಗೆ ಆಪರೇಷನ್ ಆದ ಮೇಲೂ ರೇಡಿಯೇಷನ್, ಕೀಮೋ ಎರಡೂ ಬೇಕಾ?

ಅಪ್ಪನಿಗೆ ಮುಂದಿನ ವಾರ ಆಪರೇಷನ್, ಆಮೇಲೆ ರೇಡಿಯೇಷನ್, ಬಹುಶಃ ಕೀಮೋ ಕೂಡ, ಇದರಲ್ಲಿ ಯಾವುದನ್ನು ಬಿಡಬಹುದು ಅಂತ ಕೇಳಿದ್ದೀರಿ. ಎಂಟು ವರ್ಷದ ಹಿಂದೆ ನಾನೂ ಇದನ್ನೇ ಕೇಳಿದ್ದೆ.

ನನಗೆ ಕೆನ್ನೆಯ ಒಳಗೆ ಆಗಿತ್ತು. ಗೆಡ್ಡೆ ತೆಗೆದರು, ಕ್ಯಾನ್ಸರ್ ಮೊದಲು ಹರಡುವ ಕುತ್ತಿಗೆಯ ಗಂಟುಗಳನ್ನೂ (ಲಿಂಫ್ ನೋಡ್) ತೆಗೆದರು, ಮುಂಗೈ ಚರ್ಮ ತಂದು ಕೆನ್ನೆಗೆ ಹೊಲಿದರು. ರಿಪೋರ್ಟ್ ಬಂದಾಗ ಒಂದು ಗಂಟಿನ ಕವಚ ದಾಟಿ ಕ್ಯಾನ್ಸರ್ ಹೊರಗೆ ಬಂದಿತ್ತು. ಹಾಗಾಗಿ ರೇಡಿಯೇಷನ್ ಜೊತೆಗೇ ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಔಷಧಿ. ಕವಚ ದಾಟಿದ್ದರೆ, ಇಲ್ಲವೇ ಕೊಯ್ದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರೆ ಎರಡನ್ನೂ ಒಟ್ಟಿಗೆ ಕೊಡುವುದೇ ಒಳ್ಳೆಯದು ಅಂತ 2004ರಲ್ಲೇ ಎರಡು ದೊಡ್ಡ ಅಧ್ಯಯನಗಳು ತೋರಿಸಿದ್ದವು. ವಾರಕ್ಕೆ ಐದು ದಿನದಂತೆ ಆರು ವಾರ, 30 ಸಲ ರೇಡಿಯೇಷನ್ ಮೆಷಿನ್ ಕೆಳಗೆ ಮಲಗಿದೆ. ಬಾಯೆಲ್ಲ ಹುಣ್ಣು, ಮೂಗಿನ ಟ್ಯೂಬಿನಲ್ಲಿ ಊಟ. ಅದನ್ನೆಲ್ಲ ದಾಟಿದೆ.

ನಾನು ತಪ್ಪಿದ್ದು ಹಲ್ಲಿನ ವಿಷಯದಲ್ಲಿ. ರೇಡಿಯೇಷನ್‌ಗೆ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ ಅಂದಿದ್ದರು. ಕೆಳಗಿನ ದವಡೆ ಹಲ್ಲೊಂದು ಹುಳುಕಾಗಿತ್ತು. ಇಷ್ಟು ಕೊಯ್ದ ಬಾಯಿಗೆ ಮತ್ತೆ ಕೀಳಿಸುವುದಾ ಅಂತ ಸುಮ್ನೆ ಬಿಟ್ಟೆ. ಕೇಳಿದಾಗ ತೋರಿಸಿದ್ದೇನೆ ಅಂತ ಸುಳ್ಳೂ ಹೇಳಿದೆ. ರೇಡಿಯೇಷನ್ ಬಿದ್ದ ದವಡೆ ಮೂಳೆಯಲ್ಲಿ ಸಣ್ಣ ರಕ್ತನಾಳಗಳು ಸತ್ತುಹೋಗುತ್ತವೆ, ಗಾಯ ಮಾಯುವ ಶಕ್ತಿ ಕುಗ್ಗುತ್ತದೆ. ಜೊಲ್ಲು ಒಣಗುವುದರಿಂದ ಹಲ್ಲು ಇನ್ನೂ ಬೇಗ ಕೆಡುತ್ತದೆ. ಮೂರು ವರ್ಷ ಕಳೆದ ಮೇಲೆ ಆ ಹಲ್ಲು ನೋವು ತಡೆಯಲಾಗದೆ ಬೇರೆಲ್ಲೋ ಹೋಗಿ ಕೀಳಿಸಿದೆ. ರೇಡಿಯೇಷನ್ ಆಗಿದೆ ಅಂತ ಅಲ್ಲೂ ಹೇಳಲಿಲ್ಲ. ಕಿತ್ತ ಜಾಗ ಮಾಯಲೇ ಇಲ್ಲ. ತಿಂಗಳುಗಟ್ಟಲೆ ಕೀವು, ಮೂಳೆ ಕಣ್ಣಿಗೆ ಕಾಣುತ್ತಿತ್ತು. ಕೊನೆಗೆ ದವಡೆಯ ಒಂದು ತುಂಡನ್ನೇ ತೆಗೆದು ಪ್ಲೇಟ್ ಹಾಕಿದರು. ಕ್ಯಾನ್ಸರ್ ಉಳಿಸಿಕೊಟ್ಟ ದವಡೆಯನ್ನು ನಾನೇ ಕಳೆದುಕೊಂಡೆ.

ಹಾಗಾಗಿ ಯಾವುದನ್ನು ಬಿಡಬಹುದು ಅನ್ನುವ ಪ್ರಶ್ನೆಯನ್ನೇ ಬಿಡಿ. ಚಿಕ್ಕ ಗೆಡ್ಡೆಯಾಗಿದ್ದು ಗಂಟಿಗೆ ಹರಡಿಲ್ಲದಿದ್ದರೆ ಆಪರೇಷನ್ ಒಂದೇ ಸಾಕಾಗಬಹುದು, ಆದರೆ ಅದು ರಿಪೋರ್ಟ್ ನೋಡಿ ಆಪರೇಷನ್, ರೇಡಿಯೇಷನ್, ಕೀಮೋ ಮೂರರ ಡಾಕ್ಟರೂ ಒಟ್ಟಿಗೆ ಕೂತು ಹೇಳಬೇಕಾದ್ದು. ರೇಡಿಯೇಷನ್ ಬೇಕು ಅಂದರೆ ಆಪರೇಷನ್ ಆದ ಆರು ವಾರದೊಳಗೆ ಶುರುವಾಗಬೇಕು. ಹಲ್ಲು ಕಿತ್ತ ಗಾಯ ಮಾಯಲು ಎರಡು ಮೂರು ವಾರ ಬೇಕು. ಆಪರೇಷನ್ ಆದ ಮೇಲೆ ನೋಡೋಣ ಅಂದರೆ ಸಮಯ ಎಲ್ಲಿದೆ, ಅಲ್ವಾ? ಈ ವಾರವೇ ಅಪ್ಪನ ಹಲ್ಲು ತೋರಿಸಿ. ಕೆಟ್ಟ ಹಲ್ಲಿದ್ದರೆ ಆಪರೇಷನ್ ಜೊತೆಗೇ ತೆಗೆಯಲು ಆಗುತ್ತದಾ ಅಂತ ಸರ್ಜನ್ನರನ್ನು ಕೇಳಿ. ತೋರಿಸಿದ್ದೇನೆ ಅಂತ ಅಪ್ಪ ಹೇಳಿದರೆ ನಂಬಬೇಡಿ, ಜೊತೆಗೆ ನೀವೇ ಹೋಗಿ.