ಆಳಂದದ ಕೃಷಿ ಹೊಂಡದಾಗ ಹಸಿರು ಕೆನಿ: ಎಮ್ಮಿಗೆ ಆ ನೀರು ಬ್ಯಾಡ್ರಿ

ಹೊಂಡದ ಮ್ಯಾಲ ಹಸಿರು ಬಣ್ಣ ಚೆಲ್ಲಿದಂಗ ಕೆನಿ ಕಟ್ಟ್ಯದ, ಆ ನೀರು ಕುಡದ ಎಮ್ಮಿ ಮೇವು ಬಿಟ್ಟದ ಅಂದೀರಿ. ಅದು ಬಹುಶಃ ನೀಲಿ-ಹಸಿರು ಪಾಚಿ. ಹೊಲದ ಗೊಬ್ಬರ, ಸಗಣಿ ಹರಿದು ಬಂದು, ನಿಂತ ನೀರು ಬಿಸಿಲಿಗೆ ಕಾದ್ರ ಹಿಂಗ ಹಬ್ಬತದ.

ಮೊದಲ ದನ ಬ್ಯಾರೆ ನೀರಿಗೆ ಹೊಡೀರಿ. ಇವತ್ತೇ ಪಶು ಡಾಕ್ಟರ್‌ನ ಕರೀರಿ, ಈ ಪಾಚಿಯೊಳಗಿನ ವಿಷ ಲಿವರಿಗೆ ಬಡೀಬಹುದು. ಆಮ್ಯಾಲ ಗ್ಲೌಸ್ ಹಾಕ್ಕೊಂಡು ಕಟ್ಟಿಗಿ ಅದ್ದಿ ಎತ್ರಿ: ಕೂದಲಿನಂಗ ಎಳಿ ತೂಗಿದ್ರ ಸಾದಾ ಪಾಚಿ ಇರಬಹುದು, ಪೇಂಟಿನಂಗ ಬಳಕೊಂಡ್ರ ನೀಲಿ-ಹಸಿರು ಪಾಚಿನೇ ಇರಬಹುದು. ವಿಷ ಅದನೋ ಇಲ್ಲೋ ಕಣ್ಣಿಗೆ ತಿಳಿಯಲ್ಲ, ಲ್ಯಾಬೇ ಹೇಳಬೇಕು. ನಮ್ಮ ಹೊಂಡದಾಗ ಗಾಳಿ ತಳ್ಳಿದ ದಂಡಿಗೇ ಇದು ದಪ್ಪಗ ಸೇರಿತ್ತು; ಎಮ್ಮಿ ಇಳಿಯೋ ಜಾಗಾನೂ ಅದೇ.

ಪಾಚಿ ಸಾಯ್ಲಿ ಅಂತ ಮೈಲುತುತ್ತ (ಕಾಪರ್ ಸಲ್ಫೇಟ್) ಮಾತ್ರ ಸುರೀಬ್ಯಾಡ್ರಿ. ಪಾಚಿ ಸತ್ತು ಒಡದು ಒಳಗಿನ ವಿಷ ಒಮ್ಮೆಲೆ ನೀರಿಗೆ ಬಿಡ್ತದ. ಕುದಿಸಿದ್ರೂ ಅದು ಹೋಗಲ್ಲ. ಕೆನಿ ಕರಗಿದ್ರೂ ಕೆಲವು ವಾರ ಆ ನೀರು ದನಕ್ಕ ಬ್ಯಾಡ.